ಹಳೇ ಕಾಸ್ಟ್ ಐರನ್ ಬುಲೆಟ್‌ಗೆ ಕ್ಯಾಮ್, ಟ್ಯಾಪೆಟ್, ಬೇರಿಂಗ್ ಆರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹಳೇ ರಾಯಲ್ ಎನ್‌ಫೀಲ್ಡ್ ಬುಲೆಟ್ ಬೈಕಿನ ಎಂಜಿನ್ ಬಿಚ್ಚಿಸುವ ಮಾತು ಬಂದರೆ ಹೆಚ್ಚಿನವರ ಬಾಯಲ್ಲಿ ಮೊದಲು ಬರುವುದು ಕ್ಯಾಮ್, ಅಂದರೆ ತಿರುಗುತ್ತಾ ವಾಲ್ವ್ ತೆರೆಸುವ ಉಬ್ಬು ಚಕ್ರ. ‘ಪಿಕಪ್ ಜಾಸ್ತಿ ಬರೋ ಕ್ಯಾಮ್ ಸಿಗುತ್ತಂತೆ, ಹೆಂಗೂ ಬಿಚ್ತಿದೀವಲ್ಲ, ಹಾಕಿಸಿಬಿಡೋಣ್ವಾ?’ ಅನ್ನುತ್ತಾರೆ. ನನ್ನ ಪ್ರಕಾರ ಆ ಪ್ರಶ್ನೆಯನ್ನು ಕೊನೆಗೆ ಕೇಳಬೇಕು. ಮೊದಲು ಎಣ್ಣೆ ಎಲ್ಲ ಕಡೆ ತಲುಪುತ್ತಿದೆಯಾ ನೋಡಬೇಕು. ಆಮೇಲೆ ಬಿಗ್ ಎಂಡ್ (ಪಿಸ್ಟನ್‌ನ ಕನ್‌ರಾಡ್ ಕ್ರ್ಯಾಂಕ್‌ಗೆ ಸೇರುವ ಜಾಗ) ಮತ್ತು ಕ್ರ್ಯಾಂಕ್ ಹೊರುವ ಮೇನ್ ಬೇರಿಂಗ್. ಆಮೇಲೆ ಕ್ಯಾಮ್ ಮೇಲೆ ಕೂತು ಏರಿಳಿಯುವ ಟ್ಯಾಪೆಟ್. ಕ್ಯಾಮ್ ಆರಿಸುವುದು ಇವೆಲ್ಲ ಗೊತ್ತಾದ ಮೇಲೆ. ಕೆಳಗಡೆ ಸವೆದ ಎಂಜಿನ್‌ಗೆ ಮೇಲೆ ಚುರುಕು ಕ್ಯಾಮ್ ಹಾಕಿದರೆ ಅದು ಇನ್ನೂ ಬೇಗ ಕೆಟ್ಟು ಕೂರುತ್ತದೆ, ಅಷ್ಟೇ.

ನಿಮ್ಮದು ಯಾವ ಎಂಜಿನ್?

ಈ ಬರಹ ಕಾಸ್ಟ್ ಐರನ್ 350ರ ಬಗ್ಗೆ. 1955ರಲ್ಲಿ ಮದ್ರಾಸಿಗೆ ಬಂದು, ಇಂಗ್ಲೆಂಡಿನ ರೆಡಿಚ್ ಕಾರ್ಖಾನೆ ಮುಚ್ಚಿದ ಮೇಲೂ ತಿರುವೊಟ್ಟಿಯೂರಿನಲ್ಲಿ ದಶಕಗಳ ಕಾಲ ತಯಾರಾದ ಎಂಜಿನ್ ಇದು. ಬೋರ್ 70 ಮಿ.ಮೀ., ಸ್ಟ್ರೋಕ್ 90 ಮಿ.ಮೀ., ಒಟ್ಟು 346 ಸಿಸಿ. ಸಿಲಿಂಡರ್ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದು, ಗೇರ್‌ಬಾಕ್ಸ್ ಬೇರೆ ಡಬ್ಬದಲ್ಲಿ. 500ರಲ್ಲಿ ಸ್ಟ್ರೋಕ್ ಅದೇ 90, ಬೋರ್ ಮಾತ್ರ 84. ಹಾಗಾಗಿ ಇಲ್ಲಿ ಹೇಳುವ ಹೆಚ್ಚಿನ ಮಾತು ಅದಕ್ಕೂ ಸಲ್ಲುತ್ತದೆ.

ಅನುಮಾನ ಇದ್ದರೆ ಸಿಲಿಂಡರ್ ಫಿನ್‌ಗೆ ಒಂದು ಮ್ಯಾಗ್ನೆಟ್ ಹಿಡಿಯಿರಿ. ಕಚ್ಚಿಕೊಂಡರೆ ಕಾಸ್ಟ್ ಐರನ್. ಕಚ್ಚದಿದ್ದರೆ ನಿಮ್ಮದು ಅಲ್ಯೂಮಿನಿಯಂ ಸಿಲಿಂಡರಿನ ಆಮೇಲಿನ ಎಂಜಿನ್: ಎವಿಎಲ್, ಯುಸಿಇ (ಎಂಜಿನ್, ಗೇರ್‌ಬಾಕ್ಸ್ ಒಂದೇ ಡಬ್ಬದಲ್ಲಿ ಇರುವುದು) ಅಥವಾ ಇನ್ನೂ ಹೊಸದು. ಯುಸಿಇಯಲ್ಲಿ ಹೈಡ್ರಾಲಿಕ್ ಟ್ಯಾಪೆಟ್ ಇದೆ. ಎಣ್ಣೆಯ ಒತ್ತಡದಿಂದ ಗ್ಯಾಪ್ ಅನ್ನು ಅದೇ ಸರಿಮಾಡಿಕೊಳ್ಳುತ್ತದೆ, ನಾವು ಪಾನಾ ಹಿಡಿಯುವ ಕೆಲಸ ಇಲ್ಲ. ‘ಕಾಸ್ಟ್ ಐರನ್‌ಗೂ ಹೈಡ್ರಾಲಿಕ್ ಹಾಕಿಸಬಹುದಾ?’ ಅಂತ ಕೇಳುವವರಿದ್ದಾರೆ. ಬೇಡ. ಈ ಎಂಜಿನ್ನಿನ ಪುಟ್ಟ ಪಂಪ್‌ಗೆ ಅಷ್ಟು ಒತ್ತಡ ಕೊಡುವ ಶಕ್ತಿ ಇಲ್ಲ. ಅದಕ್ಕೆ ಬೇಕಾದ ಎಣ್ಣೆಯ ದಾರಿಯೂ ಕೇಸ್‌ನಲ್ಲಿ ಇಲ್ಲ.

ಬಿಚ್ಚುವ ಮೊದಲು ಕಿವಿ ಕೊಡಿ

ಉದ್ದನೆ ಸ್ಕ್ರೂಡ್ರೈವರ್‌ನ ತುದಿಯನ್ನು ಎಂಜಿನ್ ಮೇಲೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕೇಳಿ. ಹಳೇ ಮೆಕ್ಯಾನಿಕ್‌ಗಳು ಹೀಗೇ ಮಾಡುತ್ತಾರೆ, ಇವತ್ತಿಗೂ ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಕ್ಯಾಮ್ ತಿರುಗುವುದು ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ. ಆದ್ದರಿಂದ ಟ್ಯಾಪೆಟ್ ಸದ್ದು ಕ್ರ್ಯಾಂಕ್ ಎರಡು ಸುತ್ತು ಬಂದರೆ ಒಂದು ಸಲ ‘ಟಕ್’ ಅನ್ನುತ್ತದೆ. ಐಡಲಿಂಗ್‌ನಲ್ಲಿ ಚೆನ್ನಾಗಿ ಕೇಳುತ್ತದೆ. ಬಿಗ್ ಎಂಡ್ ಸದ್ದು ದಪ್ಪ, ಒಳಗಿಂದ ಬರುತ್ತದೆ. ದಿಣ್ಣೆಯಲ್ಲಿ ಆಕ್ಸಿಲರೇಟರ್ ತಿರುವಿದಾಗ ಜಾಸ್ತಿ ಆಗುತ್ತದೆ. ಪಿಸ್ಟನ್ ಸದ್ದು ಎಂಜಿನ್ ತಣ್ಣಗಿದ್ದಾಗ ಜೋರು, ಬಿಸಿಯಾದ ಮೇಲೆ ಕಮ್ಮಿ. ಮೇನ್ ಬೇರಿಂಗ್ ಹೋಗಿದ್ದರೆ ‘ಗುರ್’ ಅನ್ನುವ ಸದ್ದಿನ ಜೊತೆಗೆ ಫುಟ್‌ರೆಸ್ಟ್‌ನಲ್ಲಿ ನಡುಕ ಸಿಗುತ್ತದೆ. ಕ್ಯಾಮ್ ತಿರುಗಿಸುವ ಟೈಮಿಂಗ್ ಗೇರ್‌ಗಳು ಬಿಗಿಯಾಗಿ ಕೂತಿದ್ದರೆ ಕೂಗುತ್ತವೆ, ಸಡಿಲವಾಗಿದ್ದರೆ ಗಲಗಲ ಅನ್ನುತ್ತವೆ. ಸ್ವಲ್ಪ ಗಲಗಲ ಇದ್ದರೆ ಬದುಕಬಹುದು. ಕೂಗುವ ಗೇರ್ ಮಾತ್ರ ಒಳ್ಳೆಯದಲ್ಲ, ಅದು ಬುಷ್ (ಒಳಗೆ ಶಾಫ್ಟ್ ಕೂರುವ ಲೋಹದ ಕೊಳವೆ) ತಿನ್ನುತ್ತದೆ.

ಇನ್ನೊಂದು ಸದ್ದು ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಹೆಡ್‌ನಲ್ಲಿರುವ ಡಿಕಂಪ್ರೆಸರ್ ವಾಲ್ವ್ (ಕಿಕ್ ಹಗುರವಾಗಲು ಸಿಲಿಂಡರಿನ ಒತ್ತಡ ಬಿಡುವುದು) ಸರಿಯಾಗಿ ಕೂರದೆ ಗಾಳಿ ಬಿಡುತ್ತಿದ್ದರೆ ‘ಚಿಕ್ ಚಿಕ್’ ಅನ್ನುತ್ತದೆ, ಥೇಟ್ ಟ್ಯಾಪೆಟ್ ಥರ. ಕ್ಯಾಮ್‌ಗೆ ದುಡ್ಡು ಹಾಕುವ ಮೊದಲು ಅದರ ಕೇಬಲ್ ಸ್ವಲ್ಪ ಸಡಿಲ ಮಾಡಿ ನೋಡಿ. ಆಮೇಲೆ ಟ್ಯಾಪೆಟ್ ಸೆಟ್ ಮಾಡಿ ಇನ್ನೊಮ್ಮೆ ಕೇಳಿ. ಅರ್ಧಕ್ಕರ್ಧ ಎಂಜಿನ್‌ಗಳು ಇಲ್ಲೇ ಸುಮ್ಮನಾಗುತ್ತವೆ, ಬಿಚ್ಚುವ ಪ್ರಮೇಯವೇ ಬರುವುದಿಲ್ಲ.

ಮೊದಲ ಹಂತ: ಎಣ್ಣೆಯ ದಾರಿ

ಬಲಗಡೆಯ ಟೈಮಿಂಗ್ ಕವರ್ ಒಳಗೇ ಎಲ್ಲ ಇದೆ. ಕ್ರ್ಯಾಂಕ್ ತುದಿಯಲ್ಲಿ ಒಂದು ಸುರುಳಿ ಗೇರ್, ಅದಕ್ಕೆ ವರ್ಮ್ ಅನ್ನುತ್ತಾರೆ. ಅದು ಒಂದು ಅಡ್ಡ ಸ್ಪಿಂಡಲ್ ತಿರುಗಿಸುತ್ತದೆ. ಆ ಸ್ಪಿಂಡಲ್‌ನ ಎರಡು ತುದಿಗೆ ಎರಡು ಪಂಪ್. ಒಂದು ಎಣ್ಣೆ ಕಳಿಸುವುದಕ್ಕೆ, ಇನ್ನೊಂದು ಕೆಳಗೆ ಬಿದ್ದ ಎಣ್ಣೆಯನ್ನು ವಾಪಸ್ ಎತ್ತುವುದಕ್ಕೆ. ಒಳಗೆ ಓಡಾಡುವ ಎಣ್ಣೆ ಸುಮಾರು ಎರಡು ಕಾಲು ಲೀಟರ್.

ಕಳಿಸಿದ ಎಣ್ಣೆ ಕ್ರ್ಯಾಂಕ್ ತುದಿಯಿಂದ ಒಳಗೆ ಹೊಕ್ಕು ಬಿಗ್ ಎಂಡ್ ತಲುಪುತ್ತದೆ. ಕವರ್ ಮತ್ತು ತಿರುಗುವ ಕ್ರ್ಯಾಂಕ್ ಸೇರುವ ಜಾಗದಲ್ಲಿ ಒಂದು ಪುಟ್ಟ ಸೀಲ್ ಇದೆ. ಹಳೇ ಗಾಡಿಗಳಲ್ಲಿ ಅದು ಕಾರ್ಕ್‌ನದು. ಇದು ಒಣಗಿ ಕುಗ್ಗಿದರೆ ಎಣ್ಣೆ ಬಿಗ್ ಎಂಡ್‌ಗೆ ಹೋಗದೆ ಟೈಮಿಂಗ್ ಕೇಸ್‌ಗೇ ಸೋರಿಹೋಗುತ್ತದೆ. ಹೊರಗೆ ಒಂದು ತೊಟ್ಟೂ ಕಾಣುವುದಿಲ್ಲ. ಟ್ಯಾಂಕ್‌ನಲ್ಲಿ ಎಣ್ಣೆ ಇದೆ, ಪಂಪ್ ತಿರುಗುತ್ತಿದೆ, ಆದರೂ ಬಿಗ್ ಎಂಡ್ ಮೇಲಿಂದ ಮೇಲೆ ಹೋಗುತ್ತದೆ. ‘ಕನ್‌ರಾಡ್ ಕ್ವಾಲಿಟಿ ಸರಿ ಇಲ್ಲ’ ಅಂತ ಬೈಯುವ ಎಷ್ಟೋ ಕಡೆ ತಪ್ಪು ಈ ಸೀಲ್‌ನದು. ಕವರ್ ಬಿಚ್ಚಿದಾಗಲೆಲ್ಲ ಹೊಸದು ಹಾಕಿ. ಇಡೀ ಕೆಲಸದಲ್ಲಿ ಇದಕ್ಕಿಂತ ಕಮ್ಮಿ ಬೆಲೆಯ ಸಾಮಾನು ಇನ್ನೊಂದಿಲ್ಲ.

ಪಂಪ್‌ಗಳ ಡಿಸ್ಕ್ ಮತ್ತು ಅದು ಕೂರುವ ಜಾಗ ಗೀರು ಬಿದ್ದಿದೆಯಾ ನೋಡಿ. ಗಾಜಿನ ಮೇಲೆ ಸಣ್ಣ ಲ್ಯಾಪಿಂಗ್ ಪೇಸ್ಟ್ ಹಾಕಿ ಡಿಸ್ಕ್ ಉಜ್ಜಿ ಮಟ್ಟ ಮಾಡಬಹುದು. ಉಜ್ಜಿದ ಮೇಲೆ ಪೇಸ್ಟ್ ಒಂದು ಕಣವೂ ಉಳಿಯಬಾರದು.

ವರ್ಮ್ ಬಿಚ್ಚುವಾಗ ಹುಷಾರು. ಅದರ ಥ್ರೆಡ್ ಉಲ್ಟಾ. ಗೊತ್ತಿಲ್ಲದೆ ಸುತ್ತಿಗೆ ಕೊಟ್ಟವರು ಕ್ರ್ಯಾಂಕ್ ತುದಿಯನ್ನೇ ಕಳೆದುಕೊಂಡಿದ್ದಾರೆ.

ಎರಡನೇ ಹಂತ: ಬಿಗ್ ಎಂಡ್

ಹೆಡ್, ಸಿಲಿಂಡರ್ ತೆಗೆದ ಮೇಲೆ ಪಿಸ್ಟನ್ ಮೇಲಿನ ತುದಿಗೆ ಬರುವಂತೆ ಕ್ರ್ಯಾಂಕ್ ನಿಲ್ಲಿಸಿ. ಕನ್‌ರಾಡ್ ಅನ್ನು ಎರಡು ಕೈಯಲ್ಲಿ ಹಿಡಿದು ನೇರ ಮೇಲಕ್ಕೆ, ಕೆಳಕ್ಕೆ ಎಳೆಯಿರಿ. ಪಕ್ಕಕ್ಕೆ ಸ್ವಲ್ಪ ಆಡಿದರೆ ಚಿಂತೆ ಇಲ್ಲ, ಅದು ಇರಲೇಬೇಕು. ಮೇಲೆ ಕೆಳಗೆ ‘ಟಿಕ್’ ಅಂತ ಕೈಗೆ ಸಿಕ್ಕರೆ ಬಿಗ್ ಎಂಡ್ ಮುಗಿದಿದೆ. ಎಣ್ಣೆ ದಪ್ಪಗಿದ್ದರೆ ಆಟ ಗೊತ್ತಾಗುವುದಿಲ್ಲ. ಸ್ವಲ್ಪ ಡೀಸೆಲ್ ಬಿಟ್ಟು ತೊಳೆದು ನೋಡಿ.

ಈಗ ಆಯ್ಕೆ ನಿಮ್ಮ ಮುಂದೆ. ಕಂಪನಿಯಿಂದ ಬಂದದ್ದು ಫ್ಲೋಟಿಂಗ್ ಬುಷ್. ಕ್ರ್ಯಾಂಕ್‌ಪಿನ್ ಮತ್ತು ಕನ್‌ರಾಡ್ ನಡುವೆ ಯಾವುದಕ್ಕೂ ಅಂಟದೆ ಸ್ವತಂತ್ರವಾಗಿ ಇರುವ ಬುಷ್ ಅದು. ಪಿನ್ ತಿರುಗುವಾಗ ಬುಷ್ ಅದಕ್ಕಿಂತ ನಿಧಾನವಾಗಿ ತಾನೂ ಸುತ್ತುತ್ತದೆ. ಹಾಗಾಗಿ ಒಳಗಡೆ, ಹೊರಗಡೆ ಎರಡೂ ಕಡೆ ಉಜ್ಜುವ ವೇಗ ಕಮ್ಮಿಯಾಗುತ್ತದೆ. ಜಾಣ ಉಪಾಯ. ಸದ್ದಿಲ್ಲ, ಖರ್ಚು ಕಮ್ಮಿ. ಆದರೆ ಅದು ಎರಡು ಪದರ ಎಣ್ಣೆಯ ಮೇಲೆ ನಿಂತಿರುತ್ತದೆ. ಎಣ್ಣೆ ಸ್ವಲ್ಪ ಹೊತ್ತು ತಪ್ಪಿದರೂ ಜಾಮ್ ಆಗಿ ಹಿಡಿದುಕೊಳ್ಳುತ್ತದೆ.

ಇನ್ನೊಂದು ದಾರಿ ರೋಲರ್ ಕನ್‌ರಾಡ್. ಬುಷ್ ಬದಲು ಕೇಜ್‌ನಲ್ಲಿ (ರೋಲರ್‌ಗಳನ್ನು ಅಂತರದಲ್ಲಿ ಹಿಡಿದಿಡುವ ಚೌಕಟ್ಟು) ಕೂತ ರೋಲರ್‌ಗಳು, ಜೊತೆಗೆ ಗಟ್ಟಿ ಮಾಡಿ ಗ್ರೈಂಡ್ ಮಾಡಿದ ಹೊಸ ಪಿನ್. ಎಣ್ಣೆ ಸಿಡಿದು ಬಿದ್ದರೂ ಇದಕ್ಕೆ ಸಾಕು, ಒತ್ತಡ ಬೇಕಿಲ್ಲ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿಸುವವರಿಗೆ ಇದೇ ಸರಿ. ತೊಂದರೆ ಎರಡು. ರೋಲರ್‌ಗೆ ಪಿನ್ ತುಂಬಾ ಗಟ್ಟಿ ಇರಬೇಕು. ಅಗ್ಗದ ಸೆಟ್‌ನಲ್ಲಿ ಪಿನ್ ಮೆತ್ತಗಿದ್ದರೆ ಸ್ವಲ್ಪ ದಿನದಲ್ಲೇ ಮೇಲ್ಪದರ ಚೂರು ಚೂರಾಗಿ ಏಳುತ್ತದೆ, ಆ ಚೂರು ಪಂಪ್ ಸೇರುತ್ತದೆ. ಎರಡನೆಯದು, ಕ್ರ್ಯಾಂಕ್ ಬಿಚ್ಚಿ ಜೋಡಿಸುವ ಕೈ ಪಳಗಿದ್ದಿರಬೇಕು.

ನಾನು ಹೇಳುವುದು ಹೀಗೆ: ಊರೊಳಗೆ, ವಾರಕ್ಕೊಮ್ಮೆ, 50–60 ಕಿ.ಮೀ. ವೇಗದಲ್ಲಿ ಓಡಾಡುವ ಗಾಡಿಗೆ ಒಳ್ಳೇ ಫ್ಲೋಟಿಂಗ್ ಬುಷ್ ಹಾಕಿಸಿ, ಎಣ್ಣೆ ಹೊತ್ತಿಗೆ ಬದಲಿಸಿ, ಸಾಕು. ಬೆಂಗಳೂರಿನಿಂದ ಗೋವಾಕ್ಕೆ ಹೋಗಿಬರುವ ಅಭ್ಯಾಸ ಇದ್ದರೆ ರೋಲರ್. ಒಂದು ಲೆಕ್ಕ ನೋಡಿ. ಸ್ಟ್ರೋಕ್ 90 ಮಿ.ಮೀ. ಇರುವುದರಿಂದ 4000 ಆರ್‌ಪಿಎಂನಲ್ಲಿ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 12 ಮೀಟರ್. 5000ದಲ್ಲಿ 15 ಮೀಟರ್. ಭಾರದ ಪಿಸ್ಟನ್ ಪ್ರತಿ ಸುತ್ತಿನಲ್ಲೂ ಎರಡು ಸಲ ನಿಂತು ತಿರುಗಬೇಕು. ಆ ಎಳೆತವೆಲ್ಲ ಬಿಗ್ ಎಂಡ್ ಮೇಲೇ. ಎಳೆತ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುವುದರಿಂದ 4000ದಿಂದ 5000ಕ್ಕೆ ಹೋದರೆ ಅದು ಒಂದೂವರೆ ಪಟ್ಟಿಗಿಂತ ಜಾಸ್ತಿ. ಕ್ಯಾಮ್ ಬದಲಿಸಿ ಎಂಜಿನ್ ಇನ್ನೂ ಮೇಲೆ ತಿರುಗುವಂತೆ ಮಾಡುವ ಮೊದಲು ಈ ಲೆಕ್ಕ ನೆನಪಿರಲಿ.

ಜೋಡಿಸಿದ ಕ್ರ್ಯಾಂಕ್ ಅನ್ನು ಸೆಂಟರ್‌ಗಳ ನಡುವೆ ಇಟ್ಟು ಡಯಲ್ ಗೇಜ್‌ನಲ್ಲಿ ನೋಡಲೇಬೇಕು. ಎರಡು ಕಡೆಯ ಶಾಫ್ಟ್ ಓಲಾಟ 0.05 ಮಿ.ಮೀ. ದಾಟಬಾರದು, ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ‘ಕಣ್ಣಲ್ಲಿ ನೋಡಿದೆ, ಸರಿ ಇದೆ’ ಅನ್ನುವ ಲೇತ್ ಅಂಗಡಿಯಿಂದ ಕ್ರ್ಯಾಂಕ್ ಎತ್ತಿಕೊಂಡು ಬನ್ನಿ.

ಮೂರನೇ ಹಂತ: ಮೇನ್ ಬೇರಿಂಗ್

ಇಲ್ಲಿ ಬಾಲ್ ಬೇರಿಂಗ್‌ಗೂ ರೋಲರ್ ಬೇರಿಂಗ್‌ಗೂ ಕೆಲಸ ಬೇರೆ ಬೇರೆ. ರೋಲರ್ ಭಾರ ಹೊರುತ್ತದೆ. ಬಾಲ್ ಬೇರಿಂಗ್ ಕ್ರ್ಯಾಂಕ್ ಪಕ್ಕಕ್ಕೆ ಸರಿಯದಂತೆ ಹಿಡಿದಿಡುತ್ತದೆ. ಅದಕ್ಕೇ ಒಂದರ ಜಾಗಕ್ಕೆ ಇನ್ನೊಂದು ಹಾಕುವಂತಿಲ್ಲ.

ಅಂಗಡಿಯಲ್ಲಿ ‘ಬುಲೆಟ್ ಬೇರಿಂಗ್ ಕೊಡಿ’ ಅನ್ನಬೇಡಿ. ಹಳೇ ಬೇರಿಂಗ್ ಮೇಲೆ ಕೊರೆದ ನಂಬರ್ ಪೂರ್ತಿ ಬರೆದುಕೊಂಡು ಹೋಗಿ, ಕೊನೆಯ ಅಕ್ಷರದವರೆಗೂ. ಆ ನಂಬರ್ ಓದುವುದು ಕಷ್ಟವಲ್ಲ. ಉದಾಹರಣೆಗೆ 6305 ಅಂದರೆ ಬಾಲ್ ಬೇರಿಂಗ್. ಕೊನೆಯ 05 ಅನ್ನು ಐದರಿಂದ ಗುಣಿಸಿದರೆ ಒಳ ರಂಧ್ರ 25 ಮಿ.ಮೀ. ಅಂತ ಗೊತ್ತಾಗುತ್ತದೆ. ಹೊರ ಅಳತೆ 62, ಅಗಲ 17. ರೋಲರ್ ಬೇರಿಂಗ್‌ನಲ್ಲಿ ಎನ್‌ಯು ಅಂತಿದ್ದರೆ ಒಳ ರಿಂಗ್‌ಗೆ ಅಂಚಿಲ್ಲ, ಎರಡು ಕಡೆಗೂ ಜಾರುತ್ತದೆ. ಎನ್‌ಜೆ ಅಂತಿದ್ದರೆ ಒಂದು ಕಡೆ ಅಂಚಿದೆ, ಆ ಕಡೆಗೆ ತಡೆಯುತ್ತದೆ. ಅಳತೆ ಎರಡರದ್ದೂ ಒಂದೇ, ಹಾಗಾಗಿ ಅಂಗಡಿಯವರು ಇದಿಲ್ಲದಿದ್ದರೆ ಅದು ಅಂತ ಕೊಟ್ಟುಬಿಡುತ್ತಾರೆ. ತಗೋಬೇಡಿ. ಕ್ರ್ಯಾಂಕ್‌ನ ಪಕ್ಕದ ಆಟದ ಲೆಕ್ಕವೇ ತಪ್ಪುತ್ತದೆ.

ಕೊನೆಯಲ್ಲಿ ಸಿ3 ಅಂತ ಇದ್ದರೆ ಒಳಗಿನ ಸಡಿಲು ಸಾಮಾನ್ಯ ಬೇರಿಂಗ್‌ಗಿಂತ ಜಾಸ್ತಿ. ಶಾಫ್ಟ್ ಮೇಲೆ ಬಿಗಿಯಾಗಿ ಕೂತಾಗ, ಬಿಸಿಯಾದಾಗ ಬೇರಿಂಗ್ ಒಳಗೆ ಹಿಡಿದುಕೊಳ್ಳಬಾರದು ಅಂತ ಈ ಏರ್ಪಾಡು. ಎಂಜಿನ್‌ಗಳಲ್ಲಿ ಸಿ3 ಸಾಮಾನ್ಯ. ಆದರೆ ಹಳೇ ಬೇರಿಂಗ್ ಮೇಲೆ ಏನಿದೆಯೋ ಅದೇ ನಿಮಗೆ ಆಧಾರ. ಅದೂ ಹಿಂದಿನವರು ಹಾಕಿಸಿದ್ದಿರಬಹುದು, ಆದ್ದರಿಂದ ಪಾರ್ಟ್ಸ್ ಕ್ಯಾಟಲಾಗ್‌ನಲ್ಲೂ ಒಮ್ಮೆ ನೋಡಿ.

ಎರಡು ಕಡೆ ಮುಚ್ಚಿದ ಬೇರಿಂಗ್ ಇಲ್ಲಿ ಬೇಡ. ಎಂಜಿನ್ ಎಣ್ಣೆಯೇ ಇದಕ್ಕೆ ಆಹಾರ. ಕೇಜ್ ಪ್ಲಾಸ್ಟಿಕ್‌ನದೂ ಬರುತ್ತದೆ, ಕಬ್ಬಿಣದ್ದೂ, ಹಿತ್ತಾಳೆಯದೂ. ಹಳೇ ಎಂಜಿನ್‌ಗೆ ನಾನು ಲೋಹದ ಕೇಜ್ ಇರುವುದನ್ನೇ ಆರಿಸುತ್ತೇನೆ. ಪ್ಲಾಸ್ಟಿಕ್ ಕೆಟ್ಟದ್ದು ಅಂತಲ್ಲ, ನನಗೆ ಧೈರ್ಯ ಬರುವುದಿಲ್ಲ ಅಷ್ಟೇ.

ನಕಲಿಯ ಕಾಟ ಬೇರಿಂಗ್‌ನಲ್ಲಿ ಬಹಳ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದೇ ಹೆಸರಿನ ಡಬ್ಬ ಮೂರು ರೇಟಿನಲ್ಲಿ ಸಿಕ್ಕರೆ ಆಶ್ಚರ್ಯಪಡಬೇಡಿ. ಎಸ್‌ಕೆಎಫ್, ಎಫ್‌ಎಜಿ, ಎನ್‌ಬಿಸಿ ಯಾವುದೇ ಇರಲಿ, ಅಧಿಕೃತ ಡೀಲರ್ ಹತ್ತಿರ ಬಿಲ್ ಹಾಕಿಸಿಯೇ ತಗೊಳ್ಳಿ. ಎಸ್‌ಕೆಎಫ್‌ನವರು ಅಸಲಿಯೋ ನಕಲಿಯೋ ನೋಡಲು ಮೊಬೈಲ್ ಆ್ಯಪ್ ಕೂಡ ಕೊಟ್ಟಿದ್ದಾರೆ. ಕೊರೆದ ಅಕ್ಷರ ಅಂಕುಡೊಂಕಾಗಿದ್ದರೆ, ಡಬ್ಬದ ಮೇಲಿನ ನಂಬರ್ ಬೇರಿಂಗ್ ಮೇಲಿನದಕ್ಕೆ ಹೊಂದದಿದ್ದರೆ ವಾಪಸ್ ಇಟ್ಟುಬಿಡಿ.

ಹಾಕುವಾಗ ಕೇಸ್ ಬಿಸಿ ಮಾಡಿ. ನೀರಿನ ಹನಿ ಬಿದ್ದರೆ ಚುರ್ ಅನ್ನಬೇಕು, ಅಂದರೆ ಸುಮಾರು 100 ಡಿಗ್ರಿ. ಬೇರಿಂಗ್ ಅನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ರಾತ್ರಿಯೇ ಫ್ರೀಜರ್‌ನಲ್ಲಿ ಇಟ್ಟಿದ್ದರೆ ಕೈಯಲ್ಲೇ ಜಾರಿ ಕೂರುತ್ತದೆ. ಸುತ್ತಿಗೆ ಬೇಕಾಗಲೇಬಾರದು. ಹೊಡೆಯಲೇಬೇಕಾಗಿ ಬಂದರೆ ಹೊರ ರಿಂಗ್ ಮೇಲೆ ಮಾತ್ರ, ಕೊಳವೆ ಇಟ್ಟು. ಬಿಸಿ ಮಾಡದೆಯೇ ಬೇರಿಂಗ್ ಸುಮ್ನೆ ಒಳಗೆ ಬಿದ್ದರೆ ಕೇಸ್ ಸವೆದಿದೆ ಅಂತ ಅರ್ಥ. ಕೂದಲೆಳೆಯಷ್ಟು ಸಡಿಲಿದ್ದರೆ ಲೋಕ್ಟೈಟ್ 641ರಂಥ ಬೇರಿಂಗ್ ಅಂಟು ಸಾಕು. ಜಾಸ್ತಿ ಇದ್ದರೆ ಬೋರ್ ಮಾಡಿಸಿ ಸ್ಲೀವ್ ಹಾಕಿಸಬೇಕು. ಸೆಂಟರ್ ಪಂಚ್‌ನಲ್ಲಿ ಚುಚ್ಚಿ ಬಿಗಿ ಮಾಡುವ ಮೆಕ್ಯಾನಿಕ್ ಸಿಕ್ಕರೆ ನಮಸ್ಕಾರ ಹೇಳಿ ಹೊರಟುಬಿಡಿ.

ನಾಲ್ಕನೇ ಹಂತ: ಟ್ಯಾಪೆಟ್ ಮತ್ತು ಕ್ಯಾಮ್, ಜೋಡಿಯಾಗಿಯೇ

ಬುಲೆಟ್‌ನಲ್ಲಿ ಇನ್‌ಲೆಟ್‌ಗೆ ಒಂದು, ಎಗ್ಸಾಸ್ಟ್‌ಗೆ ಒಂದು, ಎರಡು ಬೇರೆ ಬೇರೆ ಕ್ಯಾಮ್. ಒಂದೊಂದೂ ತನ್ನ ಗೇರ್ ಜೊತೆಗೇ ಇರುತ್ತದೆ, ಕೇಸ್‌ಗೆ ಬಿಗಿದ ಸ್ಪಿಂಡಲ್ ಮೇಲೆ ಬುಷ್‌ನಲ್ಲಿ ತಿರುಗುತ್ತದೆ. ಅದರ ಮೇಲೆ ಚಪ್ಪಟೆ ಪಾದದ ಟ್ಯಾಪೆಟ್, ಟ್ಯಾಪೆಟ್ ಮೇಲೆ ಪುಶ್‌ರಾಡ್ ಅನ್ನುವ ಉದ್ದ ಕಡ್ಡಿ, ಆಮೇಲೆ ವಾಲ್ವ್ ಒತ್ತುವ ರಾಕರ್.

ಚಪ್ಪಟೆ ಟ್ಯಾಪೆಟ್ ಮತ್ತು ಕ್ಯಾಮ್ ಒಂದಕ್ಕೊಂದು ಉಜ್ಜಿಕೊಂಡು ಪಳಗುತ್ತವೆ. ಹಳೇ ಚಪ್ಪಲಿಯ ಹಾಗೆ, ಒಬ್ಬರ ಕಾಲಿಗೆ ಪಳಗಿದ್ದು ಇನ್ನೊಬ್ಬರಿಗೆ ಆಗುವುದಿಲ್ಲ. ಅದಕ್ಕೇ ನಿಯಮ ಇಷ್ಟೇ: ಹೊಸ ಕ್ಯಾಮ್‌ಗೆ ಹೊಸ ಟ್ಯಾಪೆಟ್. ಹಳೇ ಕ್ಯಾಮ್ ಚೆನ್ನಾಗಿದ್ದು ಟ್ಯಾಪೆಟ್ ಮಾತ್ರ ಹೋಗಿದ್ದರೆ ಹೊಸ ಟ್ಯಾಪೆಟ್ ಹಾಕಬಹುದು. ಹೊಸ ಕ್ಯಾಮ್ ಮೇಲೆ ಹಳೇ ಟ್ಯಾಪೆಟ್ ಹಾಕಿದರೆ ಮಾತ್ರ ಹೊಸದೂ ಹಾಳು. ಹಳೆಯದನ್ನೇ ವಾಪಸ್ ಹಾಕುವುದಾದರೆ ಇನ್‌ಲೆಟ್‌ನದು ಇನ್‌ಲೆಟ್‌ಗೇ, ಎಗ್ಸಾಸ್ಟ್‌ನದು ಎಗ್ಸಾಸ್ಟ್‌ಗೇ ಹೋಗಬೇಕು. ಬಿಚ್ಚುವಾಗಲೇ ಬೇರೆ ಬೇರೆ ಡಬ್ಬದಲ್ಲಿ ಇಡಿ.

ಮೊದಲು ಟ್ಯಾಪೆಟ್‌ನ ಪಾದ ನೋಡಿ. ಒಂದೇ ಸಮ ಬೂದು ಹೊಳಪಿದ್ದರೆ ಸರಿ. ಮಧ್ಯೆ ಹಳ್ಳ ಬಿದ್ದಿದ್ದರೆ, ಸಣ್ಣ ಸಣ್ಣ ಚುಕ್ಕೆ ಎದ್ದಿದ್ದರೆ ಮುಗಿಯಿತು. ಸ್ಟೀಲ್ ಸ್ಕೇಲ್‌ನ ಅಂಚು ಅಡ್ಡ ಇಟ್ಟು ಬೆಳಕಿಗೆ ಹಿಡಿದರೆ ಹಳ್ಳ ಕಾಣುತ್ತದೆ. ಟ್ಯಾಪೆಟ್ ಗೈಡ್‌ನಲ್ಲಿ ಸಲೀಸಾಗಿ ಜಾರಬೇಕು, ಅಲುಗಾಡಬಾರದು. ಗೈಡ್ ಕೇಸ್‌ಗೆ ಬಿಗಿಯಾಗಿ ಕೂತಿರುತ್ತದೆ. ತೆಗೆಯಬೇಕಾದರೆ ಕೇಸ್ ಬಿಸಿ ಮಾಡಿಯೇ ತೆಗೆಯಿರಿ, ಸುಮ್ನೆ ಹೊಡೆದರೆ ಅಲ್ಯೂಮಿನಿಯಂ ಬಿರುಕು ಬಿಡುತ್ತದೆ.

ಆಮೇಲೆ ಕ್ಯಾಮ್. ಎಗ್ಸಾಸ್ಟ್‌ನದೇ ಮೊದಲು ಸವೆಯುವುದು ಜಾಸ್ತಿ. ಉರಿದ ಗ್ಯಾಸ್ ಇನ್ನೂ ಒತ್ತುತ್ತಿರುವಾಗಲೇ ಆ ವಾಲ್ವ್ ತೆರೆಯಬೇಕಲ್ಲ, ಅದಕ್ಕೆ. ಮೂಗಿನ, ಅಂದರೆ ಉಬ್ಬಿದ ತುದಿಯ ಹತ್ತಿರ ಚೂಪಾಗಿದೆಯಾ, ಚುಕ್ಕೆ ಎದ್ದಿದೆಯಾ, ನೀಲಿ ಬಣ್ಣ ತಿರುಗಿದೆಯಾ ನೋಡಿ. ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವ ಗೀರು ಇದ್ದರೆ ಬದಲಿಸಿ. ಕಣ್ಣಿಗೆ ಸರಿ ಕಂಡರೂ ಅಳತೆ ಮಾಡಿ. ಮೈಕ್ರೋಮೀಟರ್‌ನಲ್ಲಿ ಮೂಗಿನಿಂದ ಬೆನ್ನಿನವರೆಗಿನ ಎತ್ತರ ತಗೊಳ್ಳಿ. ಅದರಿಂದ ಬೆನ್ನಿನ ವೃತ್ತದ ವ್ಯಾಸ ಕಳೆಯಿರಿ. ಉಳಿದದ್ದು ಲಿಫ್ಟ್. ಹೊಸ ಕ್ಯಾಮ್ ಕೊಳ್ಳುವಾಗ ಅದನ್ನೂ ಹೀಗೇ ಅಳೆದು ಹೋಲಿಸಿ. ನಿಮ್ಮ ಹಳೆಯದು ಅದಕ್ಕಿಂತ 0.2–0.3 ಮಿ.ಮೀ. ಕಮ್ಮಿ ಬಂದರೆ ಮೇಲಿನ ಗಟ್ಟಿ ಪದರ ಹೋಗಿದೆ ಅಂತಲೇ ತಿಳಿಯಿರಿ. ಇನ್ನು ಮುಂದೆ ಅದು ದಡದಡ ಸವೆಯುತ್ತದೆ.

ಗಟ್ಟಿತನಕ್ಕೆ ಸುಲಭ ಪರೀಕ್ಷೆ ಇದೆ. ಚೂಪಾದ ಅರವನ್ನು ಕ್ಯಾಮ್‌ನ ಪಕ್ಕದ ಮುಖಕ್ಕೆ ಎಳೆಯಿರಿ, ಉಜ್ಜುವ ಮುಖಕ್ಕಲ್ಲ. ಜಾರಿಹೋದರೆ ಗಟ್ಟಿ ಇದೆ. ಕಚ್ಚಿ ಪುಡಿ ಬಂದರೆ ಬೇರೆ ಅಂಗಡಿ ನೋಡಿ. ಹಳೇ ಕ್ಯಾಮ್‌ಗೆ ವೆಲ್ಡಿಂಗ್ ತುಂಬಿಸಿ ಗ್ರೈಂಡ್ ಮಾಡಿಕೊಡುವವರೂ ಇದ್ದಾರೆ. ಹೊಸ ಸೆಟ್ ಸಿಗುವಾಗ ಆ ತಾಪತ್ರಯ ಯಾಕೆ?

ಕ್ಯಾಮ್ ಒಳಗಿನ ಬುಷ್ ಮರೆಯಬೇಡಿ. ಸ್ಪಿಂಡಲ್ ಮೇಲೆ ಹಾಕಿ ಅಲ್ಲಾಡಿಸಿ. ಆಟ 0.1 ಮಿ.ಮೀ. ಮುಟ್ಟುತ್ತಿದ್ದರೆ ಬುಷ್ ಬದಲಿಸಿ, ರೀಮರ್ ಹಾಕಿಸಿ ರಂಧ್ರ ಸರಿ ಅಳತೆಗೆ ತನ್ನಿ. ಸ್ಪಿಂಡಲ್‌ನಲ್ಲಿ ಮೆಟ್ಟಿಲು ಬಿದ್ದಿದ್ದರೆ ಬರೀ ಬುಷ್ ಹಾಕಿ ಉಪಯೋಗವಿಲ್ಲ. ಗೇರ್ ಸದ್ದಿನ ಮೂಲ ಬಹಳ ಸಲ ಇಲ್ಲೇ ಇರುತ್ತದೆ. ಎರಡು ಕ್ಯಾಮ್ ಮತ್ತು ಕ್ರ್ಯಾಂಕ್ ಪಿನಿಯನ್ (ಕ್ರ್ಯಾಂಕ್ ಮೇಲಿನ ಪುಟ್ಟ ಗೇರ್) ಮೂರನ್ನೂ ಒಂದೇ ಕಡೆಯ ಸೆಟ್ ತಗೊಂಡರೆ ಹಲ್ಲುಗಳು ಹೊಂದುವ ಸಾಧ್ಯತೆ ಜಾಸ್ತಿ.

ಈಗ ಕೇಳಿ: ಚುರುಕು ಕ್ಯಾಮ್ ಬೇಕಾ?

ಕ್ಯಾಮ್ ಬಗ್ಗೆ ಮೂರು ಸಂಗತಿ ಗೊತ್ತಿರಲಿ. ಲಿಫ್ಟ್ ಅಂದರೆ ವಾಲ್ವ್ ಎಷ್ಟು ತೆರೆಯುತ್ತದೆ. ಡ್ಯುರೇಷನ್ ಅಂದರೆ ಕ್ರ್ಯಾಂಕ್‌ನ ಎಷ್ಟು ಡಿಗ್ರಿ ಹೊತ್ತು ತೆರೆದಿರುತ್ತದೆ. ಓವರ್‌ಲ್ಯಾಪ್ ಅಂದರೆ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು. ಚುರುಕು ಕ್ಯಾಮ್‌ಗಳಲ್ಲಿ ಮೂರೂ ಜಾಸ್ತಿ.

ಡ್ಯುರೇಷನ್ ಜಾಸ್ತಿ ಆದಾಗ ಇನ್‌ಲೆಟ್ ವಾಲ್ವ್ ತಡವಾಗಿ ಮುಚ್ಚುತ್ತದೆ. ನಿಧಾನ ವೇಗದಲ್ಲಿ ಒಳಗೆ ಬಂದ ಗಾಳಿ, ಪೆಟ್ರೋಲ್ ಸ್ವಲ್ಪ ವಾಪಸ್ ಹೋಗುತ್ತದೆ. ಈ ಎಂಜಿನ್‌ನ ಕಂಪ್ರೆಷನ್ ಮೊದಲೇ ಕಮ್ಮಿ, ಅದರಲ್ಲೂ ಕಳೆದುಕೊಂಡರೆ ಕೆಳಗಿನ ಎಳೆತ ಸತ್ತುಹೋಗುತ್ತದೆ. ನಾವು ಬುಲೆಟ್ ಇಟ್ಟುಕೊಳ್ಳುವುದೇ ಆ ಎಳೆತಕ್ಕೆ ಅಲ್ವಾ? ಐಡಲಿಂಗ್‌ನ ಆ ನಿಧಾನದ ‘ಡುಗ್ ಡುಗ್’ ಕೂಡ ಹೋಗುತ್ತದೆ, ಓವರ್‌ಲ್ಯಾಪ್ ಅದನ್ನು ತಾಳುವುದಿಲ್ಲ. ಲಾಭ ಕಾಣುವುದು ಮೇಲಿನ ಆರ್‌ಪಿಎಂನಲ್ಲಿ, ಅಂದರೆ ಈ ಕ್ರ್ಯಾಂಕ್‌ಗೆ ಇಷ್ಟವಿಲ್ಲದ ಕಡೆ.

ಇಷ್ಟಕ್ಕೂ 350ಕ್ಕೆ ಬಂದ ಮಿಕ್‌ಕಾರ್ಬ್ ಕಾರ್ಬುರೇಟರ್‌ನ ಬಾಯಿ 24 ಮಿ.ಮೀ. ವಾಲ್ವ್ ಎಷ್ಟು ತೆರೆದರೇನು, ಉಸಿರು ಅಲ್ಲೇ ಕಟ್ಟುತ್ತದೆ. ಕ್ಯಾಮ್ ನಿಜಕ್ಕೂ ಕೆಲಸ ಮಾಡಬೇಕಾದರೆ ದೊಡ್ಡ ಕಾರ್ಬುರೇಟರ್, ಪೋರ್ಟ್ ಕೆಲಸ, ಕಂಪ್ರೆಷನ್ ಏರಿಸುವ ಪಿಸ್ಟನ್, ಗಟ್ಟಿ ಸ್ಪ್ರಿಂಗ್, ರೋಲರ್ ಬಿಗ್ ಎಂಡ್ ಎಲ್ಲ ಬೇಕು. ಗಟ್ಟಿ ಸ್ಪ್ರಿಂಗ್ ಹಾಕಿದರೆ ಟ್ಯಾಪೆಟ್ ಮೇಲಿನ ಒತ್ತಡ ಏರಿ ಅದು ಬೇಗ ಸವೆಯುತ್ತದೆ. 18 ಬಿಎಚ್‌ಪಿಯ ಎಂಜಿನ್‌ಗೆ ಇಷ್ಟು ಮಾಡಿ ಸಿಗುವುದು ಎಷ್ಟು ಅಂತ ಮೊದಲೇ ಯೋಚಿಸಿ. ನನ್ನ ಆಯ್ಕೆ ಸ್ಪಷ್ಟ: ಸ್ಟಾಕ್ (ಕಂಪನಿಯದೇ) ಅಳತೆಯ, ಒಳ್ಳೇ ಗಟ್ಟಿತನದ ಕ್ಯಾಮ್. ಬೆಟ್ಟ ಹತ್ತುವವರಿಗೂ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋಗುವವರಿಗೂ ಇದೇ ಸರಿ. 500 ಇದ್ದು, ರೇಸ್ ಹುಚ್ಚು ಇದ್ದರೆ ಮಾತು ಬೇರೆ.

ಹಾಗೂ ಹಾಕಲೇಬೇಕು ಅಂತಿದ್ದರೆ ಮೂರು ಪರೀಕ್ಷೆ ಬಿಡುವಂತಿಲ್ಲ. ಪಿಸ್ಟನ್ ತಲೆಗೆ ಮಕ್ಕಳಾಡುವ ಬಣ್ಣದ ಜೇಡಿ ಅಂಟಿಸಿ, ಹೆಡ್ ಬಿಗಿದು, ಎಂಜಿನ್ ಅನ್ನು ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ ಬಿಚ್ಚಿ. ಜೇಡಿಯ ತೆಳು ಜಾಗ ಇನ್‌ಲೆಟ್ ಕಡೆ 1.5, ಎಗ್ಸಾಸ್ಟ್ ಕಡೆ 2 ಮಿ.ಮೀ.ಗಿಂತ ಕಮ್ಮಿ ಇರಬಾರದು. ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗ್ ಸುರುಳಿಗಳು ಒಂದಕ್ಕೊಂದು ತಾಗಬಾರದು. ಸ್ಪ್ರಿಂಗ್ ಮೇಲಿನ ಬಟ್ಟಲು ವಾಲ್ವ್ ಗೈಡ್‌ಗೆ ಬಡಿಯಬಾರದು.

ಐದನೇ ಹಂತ: ಜೋಡಣೆ

ಬಿಚ್ಚುವ ಮೊದಲೇ ಪಿನಿಯನ್ ಮತ್ತು ಕ್ಯಾಮ್ ಗೇರ್‌ಗಳ ಮೇಲಿನ ಗುರುತು ಹೊಂದಿಸಿ ಒಂದು ಫೋಟೋ ತೆಗೆದಿಡಿ. ವಾಪಸ್ ಹಾಕುವಾಗ ಅದೇ ಗುರುತುಗಳು ಎದುರುಬದುರು ಬರಬೇಕು. ಒಂದು ಹಲ್ಲು ತಪ್ಪಿದರೂ ಗಾಡಿ ಶುರುವಾಗಬಹುದು. ಆದರೆ ಓಡುವುದಿಲ್ಲ, ಬಿಸಿಯಾಗುತ್ತದೆ, ಹಿಂದಕ್ಕೆ ಕಿಕ್ ಹೊಡೆಯುತ್ತದೆ. ಪಾಯಿಂಟ್ ಡಿಸ್ಟ್ರಿಬ್ಯೂಟರ್ ಇರುವ ಗಾಡಿಯಲ್ಲಿ ಅದೂ ಇದೇ ಗೇರ್ ಸಾಲಿನಿಂದ ತಿರುಗುವುದರಿಂದ ಇಗ್ನಿಷನ್ ಟೈಮಿಂಗ್ ಹೊಸದಾಗಿ ಇಡಬೇಕು.

ಕ್ಯಾಮ್ ಮತ್ತು ಟ್ಯಾಪೆಟ್ ಪಾದಕ್ಕೆ ಮಾಲಿ ಪೇಸ್ಟ್ (ಮಾಲಿಬ್ಡಿನಮ್ ಇರುವ ಪೇಸ್ಟ್) ಧಾರಾಳವಾಗಿ ಸವರಿ. ಬರೀ ಎಣ್ಣೆ ಜಾರಿಹೋಗುತ್ತದೆ, ಪೇಸ್ಟ್ ಮೊದಲ ನಿಮಿಷಗಳನ್ನು ಕಾಯುತ್ತದೆ. ಬಿಗ್ ಎಂಡ್‌ಗೆ ಪಿಚಕಾರಿಯಲ್ಲಿ ಎಣ್ಣೆ ಬಿಡಿ. ಕವರ್ ಹಾಕುವ ಮೊದಲು ಪಂಪ್ ಮತ್ತು ಫಿಲ್ಟರ್ ಜಾಗದಲ್ಲೂ ಎಣ್ಣೆ ತುಂಬಿ. ಖಾಲಿ ಪಂಪ್ ತಾನಾಗೇ ಎಳೆದುಕೊಳ್ಳಲಿ ಅಂತ ಬಿಟ್ಟರೆ ಅಷ್ಟರಲ್ಲಿ ಬಿಗ್ ಎಂಡ್ ಒಣಗಿ ಓಡಿರುತ್ತದೆ.

ಟ್ಯಾಪೆಟ್ ಸೆಟ್ ಮಾಡುವುದು ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಪಿಸ್ಟನ್ ಕಂಪ್ರೆಷನ್‌ನಲ್ಲಿ ಮೇಲೆ ಬಂದಾಗ. ಬಲಗಡೆ ಸಿಲಿಂಡರ್ ಬುಡದ ಪುಟ್ಟ ಮುಚ್ಚಳ ತೆಗೆಯಿರಿ. ಪುಶ್‌ರಾಡ್ ಎರಡು ಬೆರಳಲ್ಲಿ ಸಲೀಸಾಗಿ ಸುತ್ತಬೇಕು, ಮೇಲೆ ಕೆಳಗೆ ಆಟ ಇರಬಾರದು. ಅಂದರೆ ಗ್ಯಾಪ್ ಸೊನ್ನೆ. ಬಿಸಿಯಾದಾಗ ಸಿಲಿಂಡರ್, ಹೆಡ್ ಹಿಗ್ಗಿ ಗ್ಯಾಪ್ ತಾನಾಗೇ ಬರುತ್ತದೆ. ಎಗ್ಸಾಸ್ಟ್ ಅನ್ನು ಒಂದು ಚೂರು ಸಡಿಲ ಬಿಟ್ಟರೆ ನಷ್ಟವಿಲ್ಲ. ಸದ್ದು ಬೇಡ ಅಂತ ಬಿಗಿ ಮಾಡಿಸುವವರು ವಾಲ್ವ್ ಸುಡಿಸಿಕೊಳ್ಳುತ್ತಾರೆ. ಸದ್ದು ಮಾಡುವ ಟ್ಯಾಪೆಟ್ ಎಂಜಿನ್ ಕೊಲ್ಲುವುದಿಲ್ಲ, ಬಿಗಿ ಟ್ಯಾಪೆಟ್ ಕೊಲ್ಲುತ್ತದೆ.

ಎಣ್ಣೆ ಮತ್ತು ಮೊದಲ ಓಟ

20ಡಬ್ಲ್ಯೂ-50 ಎಣ್ಣೆ ಹಾಕಿ. ಚಪ್ಪಟೆ ಟ್ಯಾಪೆಟ್‌ಗೆ ಸತು, ರಂಜಕ ಇರುವ ರಾಸಾಯನಿಕ ಬೇಕು. ಲೋಹಕ್ಕೆ ಲೋಹ ತಾಗುವ ಕಡೆ ಅದು ತೆಳು ಪದರ ಕಟ್ಟುತ್ತದೆ. ಈಗಿನ ಕಾರುಗಳ ತೆಳು ಎಣ್ಣೆಗಳಲ್ಲಿ ಅದನ್ನು ಕಮ್ಮಿ ಮಾಡಿದ್ದಾರೆ, ಕ್ಯಾಟಲಿಟಿಕ್ ಕನ್ವರ್ಟರ್ ಕೆಡಬಾರದು ಅಂತ. ಹಾಗಾಗಿ ದುಬಾರಿ ಕಾರಿನ ಎಣ್ಣೆ ಬುಲೆಟ್‌ಗೆ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕ್ಲಚ್ ಇರುವ ಪ್ರೈಮರಿ ಕೇಸ್‌ನ ಎಣ್ಣೆ ಬೇರೆ, ಅದನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ.

ಹೊಸ ಕ್ಯಾಮ್ ಹಾಕಿದ ಮೇಲೆ 20 ನಿಮಿಷ 2000 ಆರ್‌ಪಿಎಂನಲ್ಲಿ ನಿಂತಲ್ಲೇ ಓಡಿಸಬೇಕು ಅನ್ನುವ ಸಲಹೆ ಎಲ್ಲೆಡೆ ಓದಲು ಸಿಗುತ್ತದೆ. ಅದು ನೀರಿನಿಂದ ತಣ್ಣಗಾಗುವ ದೊಡ್ಡ ಕಾರ್ ಎಂಜಿನ್‌ಗಳ ಮಾತು. ಗಾಳಿಯಲ್ಲಿ ತಣ್ಣಗಾಗುವ ಬುಲೆಟ್ ಅನ್ನು ಹಾಗೆ ನಿಲ್ಲಿಸಿ ಓಡಿಸಿದರೆ ಹೊಸ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹಾಗಂತ ಐಡಲಿಂಗ್‌ನಲ್ಲಿ ಬಿಟ್ಟು ಚಹಾ ಕುಡಿಯಲು ಹೋಗುವುದೂ ತಪ್ಪು. ನಿಧಾನ ವೇಗದಲ್ಲೇ ಸ್ಪ್ರಿಂಗ್‌ನ ಪೂರ್ತಿ ಒತ್ತಡ ಕ್ಯಾಮ್ ಮೂಗಿನ ಮೇಲೆ ಬೀಳುವುದು.

ಸರಿಯಾದ ಕ್ರಮ ಹೀಗೆ. ಪ್ಲಗ್ ತೆಗೆದು, ರಾಕರ್‌ಗೆ ಹೋಗುವ ಎಣ್ಣೆ ಪೈಪಿನ ಬೋಲ್ಟ್ ಸ್ವಲ್ಪ ಸಡಿಲಿಸಿ, ಅಲ್ಲಿ ಎಣ್ಣೆ ಒಸರುವವರೆಗೆ ಕಿಕ್ ತುಳಿಯುತ್ತಾ ಇರಿ. ಕಾಲು ಸೋಲುತ್ತದೆ, ತುಳಿಯಿರಿ. ಆಮೇಲೆ ಬೋಲ್ಟ್ ಬಿಗಿದು, ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಎಣ್ಣೆ ಟ್ಯಾಂಕ್‌ನ ಕ್ಯಾಪ್ ತೆಗೆದು ಎಣ್ಣೆ ವಾಪಸ್ ಬರುತ್ತಿದೆಯಾ ನೋಡಿ. ಬರುತ್ತಿದ್ದರೆ ತಡಮಾಡದೆ ಗಾಡಿ ರಸ್ತೆಗೆ ಇಳಿಸಿ, ಖಾಲಿ ರಸ್ತೆಯಲ್ಲಿ ಹಗುರ ಕೈಯಲ್ಲಿ, ಒಂದೇ ವೇಗದಲ್ಲಿ ಎಳೆಯದೆ ಏರಿಳಿಸುತ್ತಾ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ. ಟಾಪ್ ಗೇರ್‌ನಲ್ಲಿ ನಿಧಾನಕ್ಕೆ ಗುದ್ದಾಡಿಸಬೇಡಿ, ಫ್ಲೋಟಿಂಗ್ ಬುಷ್‌ಗೆ ಅದು ವೇಗಕ್ಕಿಂತ ಕೆಟ್ಟದ್ದು.

ವಾಪಸ್ ಬಂದು ಪೂರ್ತಿ ತಣ್ಣಗಾದ ಮೇಲೆ, ಅಂದರೆ ಮಾರನೇ ದಿನ ಬೆಳಿಗ್ಗೆ, ಹೆಡ್ ಬೋಲ್ಟ್ ಮತ್ತು ಟ್ಯಾಪೆಟ್ ಇನ್ನೊಮ್ಮೆ ನೋಡಿ. ಗ್ಯಾಸ್ಕೆಟ್ ಕೂತು ಗ್ಯಾಪ್ ಬದಲಾಗಿರುತ್ತದೆ. ಮೊದಲ ಎಣ್ಣೆಯನ್ನು ಹೆಚ್ಚು ದಿನ ಇಟ್ಟುಕೊಳ್ಳಬೇಡಿ, 200 ಕಿ.ಮೀ.ಗೇ ಇಳಿಸಿ. ಇಳಿಸಿದ ಎಣ್ಣೆಯನ್ನು ಹಳೇ ಬಿಳಿ ಪಂಚೆಯ ತುಂಡಿನಲ್ಲಿ ಸೋಸಿ ಬಿಸಿಲಿಗೆ ಹಿಡಿಯಿರಿ. ಬೂದು ಬಣ್ಣದ ನಯವಾದ ಪುಡಿ ಇದ್ದರೆ ಎಲ್ಲ ಪಳಗುತ್ತಿದೆ. ಹೊಳೆಯುವ ಚಕ್ಕೆ ಕಂಡು, ಮ್ಯಾಗ್ನೆಟ್‌ಗೆ ಅಂಟಿದರೆ ಟೈಮಿಂಗ್ ಕವರ್ ಮತ್ತೆ ಬಿಚ್ಚಿ ಟ್ಯಾಪೆಟ್ ಪಾದ, ಕ್ಯಾಮ್ ಮೂಗು ನೋಡಿ. ಚಕ್ಕೆ ಮ್ಯಾಗ್ನೆಟ್‌ಗೆ ಅಂಟದಿದ್ದರೆ ಬುಷ್‌ನ ಲೋಹ ಬಂದಿರಬಹುದು. ಆಗ ಕಾರ್ಕ್ ಸೀಲ್ ಮತ್ತು ಪಂಪ್‌ನಿಂದ ಹುಡುಕಲು ಶುರು ಮಾಡಿ, ಅಲ್ಲಿಯವರೆಗೆ ಕಿಕ್ ಮುಟ್ಟಬೇಡಿ.